ಗಜನಿಯ ಒಡ್ಡು ಕಾಯುವವರ ದುಡಿಮೆ ಯಾವ ಲೆಕ್ಕದಲ್ಲಿದೆ?

2024ರ ಜನವರಿ ಕೊನೆಯಲ್ಲಿ ಉತ್ತರ ಕನ್ನಡದ ಅಘನಾಶಿನಿ ಅಳಿವೆ ರಾಮ್‌ಸರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ, ಪಟ್ಟಿಗೆ ಸೇರಿತು. ಮಾಗಡಿ ಕೆರೆಗೂ ಅಂಕಸಮುದ್ರಕ್ಕೂ ಅದೇ ಹೊತ್ತಿಗೆ ಈ ಮನ್ನಣೆ ಸಿಕ್ಕಿತು. ಅದಕ್ಕೂ ಮೊದಲು ರಾಜ್ಯದಲ್ಲಿ ಇಂಥ ತಾಣವಾಗಿದ್ದುದು ರಂಗನತಿಟ್ಟು ಒಂದೇ. 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆ ನೆರೆಯನ್ನೂ ಮಣ್ಣಿನ ಕೊರೆತವನ್ನೂ ತಗ್ಗಿಸುತ್ತದೆ, ಜೀವವೈವಿಧ್ಯವನ್ನು ಪೊರೆಯುತ್ತದೆ, ಮೀನುಗಾರಿಕೆ, ಬಳಚು ಮತ್ತು ಏಡಿ ಸಂಗ್ರಹ, ಸಿಗಡಿ ಸಾಕಣೆ, ಗಜನಿ ಗದ್ದೆಗಳ ಭತ್ತ ಮತ್ತು ಮೀನು, ಉಪ್ಪಿನ ಆಗರ ಇವುಗಳ ಮೂಲಕ 6,000ದಿಂದ 7,500 ಕುಟುಂಬಗಳ ಬದುಕಿಗೆ ಆಧಾರವಾಗಿದೆ ಎಂದು ಆಗ ಪ್ರಕಟವಾದ ವಿವರಣೆ ಹೇಳುತ್ತದೆ. ಪರಿಸರ ಅರ್ಥಶಾಸ್ತ್ರಜ್ಞರು ಇಂಥವನ್ನೆಲ್ಲ ಒಟ್ಟಾಗಿ ಪರಿಸರ ಸೇವೆಗಳು ಎಂದು ಕರೆಯುತ್ತಾರೆ.

ಆ ಪಟ್ಟಿಯಲ್ಲಿ ಗಜನಿಯ ಬಾಬ್ತು ಬೇರೆಯೇ ತರಹದ್ದು. ಗಜನಿ ತಾನಾಗಿ ಆದ ನೆಲವಲ್ಲ. ಭರತದ ಉಪ್ಪುನೀರು ನುಗ್ಗುವ ತಗ್ಗು ಬಯಲಿಗೆ ಊರವರು ಸೇರಿ ಮಣ್ಣಿನ ಒಡ್ಡು ಹಾಕಿ, ನೀರಿನ ದಾರಿಗೆ ಬಾಗಿಲು ಇಟ್ಟು, ತಲೆಮಾರುಗಳಿಂದ ಕಾಯ್ದುಕೊಂಡು ಬಂದ ನೆಲ ಅದು. ಒಡ್ಡಿನ ಕೆಲಸ ನಿಂತರೆ ಅದು ಕೊಡುವ ಸೇವೆಯೂ ಬೇಗನೆ ನಿಲ್ಲುತ್ತದೆ. ಆದರೂ ಇಂಥ ಗ್ರಾಮೀಣ ನೆಲ-ಜಲ ವ್ಯವಸ್ಥೆಗಳಿಗೆ ಬೆಲೆ ಕಟ್ಟುವ ಲೆಕ್ಕಗಳು ಸಿಕ್ಕಿದ ಫಲವನ್ನು ಎಣಿಸುತ್ತವೆಯೇ ಹೊರತು ಆ ಫಲವನ್ನು ಸಾಧ್ಯವಾಗಿಸಿದ ದುಡಿಮೆಯನ್ನು ಎಣಿಸುವುದಿಲ್ಲ. ಇವುಗಳ ಪುನರುಜ್ಜೀವನದ ಯೋಜನೆಗಳು ಸೋಲುವುದು ಬಹುಮಟ್ಟಿಗೆ ಈ ಕಾರಣಕ್ಕೆ ಎಂಬುದು ನನ್ನ ಗ್ರಹಿಕೆ.

ಗಜನಿಯ ಕೆಲಸದ ಕ್ರಮವನ್ನು ತುಸು ಹತ್ತಿರದಿಂದ ನೋಡಬೇಕು. ಮುಂಗಾರಿಗೆ ಮುಂಚೆ, ನೆಲ ಒಣಗಿರುವಾಗಲೇ, ಒಡ್ಡಿನ ಬಿರುಕು ಮುಚ್ಚಿ, ಕುಸಿದಲ್ಲಿ ಮಣ್ಣು ಪೇರಿಸಿ, ಬಾಗಿಲಿನ ಹಲಗೆಗಳನ್ನು ಸರಿಪಡಿಸಬೇಕು. ಮಳೆ ಹಿಡಿದ ಮೇಲೆ ಸುರಿದ ಸಿಹಿನೀರು ಗದ್ದೆಯ ಮೇಲ್ಮಣ್ಣಿನ ಉಪ್ಪನ್ನು ಕರಗಿಸಿಕೊಂಡು ಇಳಿತದ ಹೊತ್ತಿನಲ್ಲಿ ಬಾಗಿಲಿನ ಮೂಲಕ ಹೊರಗೆ ಹೋಗುತ್ತದೆ. ಭರತ ಬಂದಾಗ ಹಲಗೆ ಮುಚ್ಚಿ ಉಪ್ಪುನೀರನ್ನು ಹೊರಗೇ ತಡೆಯಬೇಕು. ಮಣ್ಣಿನ ಉಪ್ಪು ಸಹಿಸುವಷ್ಟು ಇಳಿದಿದೆ ಎಂದು ಅನುಭವಿಗಳಿಗೆ ಮನದಟ್ಟಾದಾಗ ಮೊಳಕೆ ಬರಿಸಿದ ಕಗ್ಗದ ಬೀಜ ಎರಚುತ್ತಾರೆ. ಕರಿ ಕಗ್ಗ, ಬಿಳಿ ಕಗ್ಗ ಎಂದು ಇದರಲ್ಲಿ ಭೇದಗಳಿವೆ. ಇದು ಎತ್ತರಕ್ಕೆ ಬೆಳೆಯುವ, ಉಪ್ಪನ್ನು ತಾಳುವ, ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ಮತ್ತೆ ತಲೆ ಎತ್ತುವ ಭತ್ತ. ಗೊಬ್ಬರವಿಲ್ಲ, ಔಷಧಿ ಸಿಂಪಡಣೆಯಿಲ್ಲ. ನದಿ ತರುವ ರೇವೆಯೇ ಇದಕ್ಕೆ ಗೊಬ್ಬರ. ಮಳೆಗಾಲ ಮುಗಿಯುತ್ತಿದ್ದಂತೆ ಕೊಯ್ಲು. ಆಮೇಲೆ ಬಾಗಿಲು ತೆರೆದು ಉಪ್ಪುನೀರನ್ನು ಒಳಗೆ ಬಿಡುತ್ತಾರೆ. ಭರತದ ಜೊತೆ ಸಿಗಡಿ ಮರಿ, ಮೀನಿನ ಮರಿ, ಏಡಿ ಬರುತ್ತವೆ, ಗದ್ದೆಯಲ್ಲಿ ಉಳಿದು ಕೊಳೆಯುವ ಕೂಳೆಯ ಸುತ್ತ ಹುಟ್ಟುವ ಆಹಾರವನ್ನು ತಿಂದು ಬೆಳೆಯುತ್ತವೆ. ಮುಂದಿನ ಮುಂಗಾರಿನ ತನಕ ಅದೇ ಗದ್ದೆ ಮೀನಿನ ಕೊಳ. ಮೀನಿನ ಮಲ, ಕೊಳೆತ ಹುಲ್ಲು ಎಲ್ಲವೂ ಸೇರಿ ಮುಂದಿನ ಭತ್ತಕ್ಕೆ ಸಾರ. ಒಂದರ ಉಳಿಕೆ ಇನ್ನೊಂದರ ಆಹಾರವಾಗುವ ಈ ಸರದಿಯಲ್ಲಿ ಭತ್ತವನ್ನಾಗಲೀ ಮೀನನ್ನಾಗಲೀ ಬಿಡಿಸಿ ತೆಗೆದರೆ ಉಳಿದದ್ದು ಸೊರಗುತ್ತದೆ.

ಇಡೀ ಬಯಲಿಗೆ ಒಡ್ಡು ಒಂದೇ, ಒಡೆಯರು ಅನೇಕರು. ಒಬ್ಬ ರೈತ ತನ್ನ ಪಾಲಿನ ಗದ್ದೆಯನ್ನು ಎಷ್ಟೇ ಶ್ರದ್ಧೆಯಿಂದ ನೋಡಿಕೊಂಡರೂ ಅರ್ಧ ಮೈಲಿ ಆಚೆ ಒಡ್ಡು ಒಡೆದರೆ ಅವನ ಬೆಳೆ ಹೋಯಿತು. ಆದ್ದರಿಂದ ಯಾವಾಗ ಬಾಗಿಲು ತೆರೆಯಬೇಕು, ಯಾವಾಗ ಮುಚ್ಚಬೇಕು, ದುರಸ್ತಿಗೆ ಯಾರು ಎಷ್ಟು ಆಳು ಕೊಡಬೇಕು, ಮೀನು ಹಿಡಿಯುವ ಹಕ್ಕನ್ನು ಯಾರಿಗೆ ಎಷ್ಟಕ್ಕೆ ಕೊಡಬೇಕು ಎಂಬುದನ್ನೆಲ್ಲ ಕೂಡಿ ತೀರ್ಮಾನಿಸುವುದು ಅನಿವಾರ್ಯ. ಗಜನಿಯ ನಿಜವಾದ ಆಧಾರ ಈ ಕೂಡಿ ತೀರ್ಮಾನಿಸುವ ರೂಢಿಯೇ. ಗೋವೆಯ ಖಾಜನ್ ಭೂಮಿ, ಕೇರಳದ ಪೊಕ್ಕಾಳಿ ಮತ್ತು ಕೈಪಾಡ್ ಗದ್ದೆಗಳು ಇದೇ ಬಳಗದವು. ಪಶ್ಚಿಮ ಕರಾವಳಿಯುದ್ದಕ್ಕೂ ಜನ ಒಂದೇ ಸಮಸ್ಯೆಗೆ ಬೇರೆ ಬೇರೆ ಊರುಗಳಲ್ಲಿ ಹತ್ತಿರ ಹತ್ತಿರದ ಉತ್ತರಗಳನ್ನು ಕಂಡುಕೊಂಡಿದ್ದಾರೆ.

ಇನ್ನು ಬೆಲೆಯ ಮಾತು. ಗಜನಿಯ ಭತ್ತ ಮತ್ತು ಮೀನಿಗೆ ಮಾರುಕಟ್ಟೆಯಲ್ಲಿ ದರ ಇದೆ, ಅದನ್ನು ಲೆಕ್ಕ ಹಾಕುವುದು ಸುಲಭ. ಒಡ್ಡಿನದು ಹಾಗಲ್ಲ. ಒಡ್ಡು ತಡೆಯುವ ಉಪ್ಪುನೀರು ಗದ್ದೆಯ ಆಚೆಗಿರುವ ತೆಂಗಿನ ತೋಟವನ್ನೂ ಮನೆಯ ಬಾವಿಯನ್ನೂ ಮುಟ್ಟದಂತೆ ಉಳಿಯುತ್ತದೆ. ಒಡ್ಡು ಒಡೆದ ಊರುಗಳಲ್ಲಿ ಬಾವಿಯ ನೀರು ಸಪ್ಪೆಯಿಂದ ಸವಳಿಗೆ ತಿರುಗಿದಾಗಲೇ ಅದರ ಬೆಲೆ ತಿಳಿಯುವುದು. ಇಂಥ ಕಡೆ ಅರ್ಥಶಾಸ್ತ್ರಜ್ಞರು ಬದಲಿ ವೆಚ್ಚದ ಲೆಕ್ಕ ಹಿಡಿಯುತ್ತಾರೆ: ಈ ಒಡ್ಡು ಇಲ್ಲದಿದ್ದರೆ ಅದೇ ಕೆಲಸಕ್ಕೆ ಕಲ್ಲಿನ ತಡೆಗೋಡೆ ಕಟ್ಟಲು, ಊರಿಗೆ ಕೊಳವೆಯಲ್ಲಿ ಕುಡಿಯುವ ನೀರು ತರಲು ಎಷ್ಟು ಖರ್ಚಾಗುತ್ತಿತ್ತು ಎಂಬ ಲೆಕ್ಕ. ಈ ಬಗೆಯ ಲೆಕ್ಕ ನನಗೆ ಒಪ್ಪಿತ. ಅದು ಕಲ್ಪಿತ ಮೊತ್ತ ಹೇಳುವುದಿಲ್ಲ. ಸರ್ಕಾರ ಇಂದಲ್ಲ ನಾಳೆ ನಿಜವಾಗಿ ಖರ್ಚು ಮಾಡಬೇಕಾಗುವ ಹಣವನ್ನೇ ಎದುರಿಗಿಡುತ್ತದೆ.

ಇನ್ನೊಂದು ಸೇವೆ ಅಳಿವೆಯ ಒಟ್ಟು ಆರೋಗ್ಯಕ್ಕೆ ಸಂಬಂಧಿಸಿದ್ದು. ಇಳಿತದ ಹೊತ್ತಿನಲ್ಲಿ ಮೊಣಕಾಲು, ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಳಚು ಹೆಕ್ಕುವವರಲ್ಲಿ ಹೆಂಗಸರ ಪಾಲು ದೊಡ್ಡದು. ಈ ಅಳಿವೆಯಿಂದ ವರ್ಷಕ್ಕೆ 20 ಸಾವಿರ ಟನ್ನಿಗೂ ಮಿಗಿಲಾಗಿ ಚಿಪ್ಪುಜೀವಿಗಳು ಸಿಗುತ್ತಿದ್ದವು ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಂದಾಜಿಸಿದ್ದರು. ಬಳಚಿಗೆ ಸಿಹಿನೀರು ಮತ್ತು ಉಪ್ಪುನೀರು ಹದವಾಗಿ ಬೆರೆಯಬೇಕು, ಅಳಿವೆಯ ತಳದಲ್ಲಿ ಮರಳು ಮತ್ತು ರೇವೆ ತಕ್ಕ ಪ್ರಮಾಣದಲ್ಲಿರಬೇಕು. ಅಘನಾಶಿನಿಗೆ ದೊಡ್ಡ ಅಣೆಕಟ್ಟುಗಳಿಲ್ಲದಿರುವುದರಿಂದ ಸಿರಸಿ, ಸಿದ್ದಾಪುರದ ಬೆಟ್ಟಗಳ ಮಳೆನೀರು ಇಂದಿಗೂ ಅದರ ಪಾಡಿಗೆ ಕುಮಟಾದ ತನಕ ಬರುತ್ತದೆ. ಈ ನೀರನ್ನು ಮೇಲಿನಿಂದಲೇ ಬೇರೆಡೆಗೆ ತಿರುಗಿಸುವ ಯೋಜನೆಗಳ ಮಾತು ಆಗಾಗ ಕೇಳಿಬರುತ್ತದೆ. ಅಂಥ ಯೋಜನೆಗಳ ಲಾಭ-ನಷ್ಟದ ಪಟ್ಟಿಯಲ್ಲಿ ಗಜನಿಯ ಉಪ್ಪು ತೊಳೆಯುವ ನೀರಿಗೂ ಬಳಚಿನ ಹದದ ನೀರಿಗೂ ಒಂದು ಸಾಲು ಇರಲೇಬೇಕು.

ಮೂರನೆಯದು ಬೀಜ. ಪೊಕ್ಕಾಳಿ ಭತ್ತದ ವಂಶವಾಹಿಯಲ್ಲಿ ಉಪ್ಪು ತಾಳುವ ಗುಣವನ್ನು ಕೊಡುವ ಸಾಲ್ಟಾಲ್ ಎಂಬ ಭಾಗವನ್ನು ಗುರುತಿಸಿದ ಮೇಲೆ ಜಗತ್ತಿನ ಅನೇಕ ದೇಶಗಳ ಭತ್ತದ ತಳಿವಿಜ್ಞಾನಿಗಳು ಅದನ್ನು ಹೊಸ ತಳಿಗಳಿಗೆ ಸೇರಿಸಿದ್ದಾರೆ. ಸಮುದ್ರದ ಮಟ್ಟ ಏರುತ್ತಿರುವ, ಕರಾವಳಿಯ ಗದ್ದೆಗಳಿಗೆ ಉಪ್ಪು ನುಗ್ಗುತ್ತಿರುವ ಈ ಕಾಲದಲ್ಲಿ ಇಂಥ ಗುಣದ ಬೆಲೆಯನ್ನು ಹೆಚ್ಚಾಗಿ ವಿವರಿಸಬೇಕಿಲ್ಲ. ಪೊಕ್ಕಾಳಿಯನ್ನು ಆರಿಸಿ, ಬಿತ್ತಿ, ಕಾಪಾಡಿಕೊಂಡು ಬಂದ ರೈತರಿಗೆ ಆ ಲಾಭದಲ್ಲಿ ಏನು ಪಾಲು ಸಂದಿತು ಎಂದು ಕೇಳಿದರೆ ಹೇಳಿಕೊಳ್ಳುವಂಥ ಉತ್ತರವಿಲ್ಲ. ಕಗ್ಗದ ಮಟ್ಟಿಗಾದರೂ ಹಾಗಾಗಬಾರದು. ಶೈತ್ಯಾಗಾರದಲ್ಲಿ ಬೀಜ ಇಟ್ಟರೆ ಸಾಲದೇ ಎಂಬ ವಾದವಿದೆ. ಆದರೆ ಬದಲಾಗುತ್ತಿರುವ ಉಪ್ಪು, ಮಳೆ, ರೋಗಗಳ ನಡುವೆ ಬೀಜ ಹೊಂದಿಕೊಳ್ಳುತ್ತ ಹೋಗುವುದು ಗದ್ದೆಯಲ್ಲಿ ಮಾತ್ರ.

ಇಷ್ಟೆಲ್ಲ ಇದ್ದೂ ಗಜನಿ ಸೊರಗಿದ್ದೇಕೆ? ಇದಕ್ಕೆ ಸಿಗಡಿಯೊಂದನ್ನೇ ದೂರುವುದು ರೂಢಿ. ಕಥೆ ಅದಕ್ಕಿಂತ ಹಿಂದಿನಿಂದ ಶುರುವಾಗುತ್ತದೆ. 1970ರ ದಶಕದಲ್ಲಿ ಸರ್ಕಾರ ಅಳಿವೆಯಲ್ಲಿ ಕಾಯಂ ಒಡ್ಡುಗಳನ್ನು ಕಟ್ಟಿಸಿತು. ಪ್ರತಿ ಬೇಸಿಗೆಯ ಮಣ್ಣಿನ ಕೆಲಸ ತಪ್ಪಿತಲ್ಲ ಎಂದು ರೈತರಿಗೆ ಸಮಾಧಾನವೂ ಆಯಿತು. ಆದರೆ ಒಡ್ಡು ಇಲಾಖೆಯದಾದ ಮೇಲೆ ಅದರ ದುರಸ್ತಿಯೂ ಇಲಾಖೆಯ ಅನುದಾನಕ್ಕೆ, ಟೆಂಡರಿಗೆ ಕಾಯುವಂತಾಯಿತು. ಊರವರು ಕೂಡಿ ಕೆಲಸ ಮಾಡುವ ಸಂದರ್ಭ ಕಡಿಮೆಯಾದಷ್ಟೂ ಕೂಡಿ ತೀರ್ಮಾನಿಸುವ ಬಲವೂ ಕುಂದುತ್ತದೆ. ಆ ಬಲ ಕುಂದಿದ್ದ ಹೊತ್ತಿನಲ್ಲೇ, 1990ರ ದಶಕದ ಆರಂಭದಲ್ಲಿ, ಸಿಗಡಿಯ ರಫ್ತು ದರ ಏರಿತು. ಇಡೀ ಗಜನಿಯನ್ನು ಗುತ್ತಿಗೆ ಹಿಡಿಯಲು ಹೊರಗಿನವರು ಬಂದರು. ಭತ್ತದಿಂದ ಒಂದು ವರ್ಷಕ್ಕೆ ಸಿಗುತ್ತಿದ್ದುದಕ್ಕಿಂತ ಹೆಚ್ಚು ಹಣ ಕೆಸರಿಗಿಳಿಯದೆಯೇ ಕೈಗೆ ಬರುವಾಗ ಸಣ್ಣ ಹಿಡುವಳಿದಾರ ಒಪ್ಪಿದ್ದು ಅಪರಾಧವಲ್ಲ. ಕೂಲಿ ಏರಿತ್ತು, ಮಕ್ಕಳು ಊರು ಬಿಟ್ಟಿದ್ದರು, ಕಗ್ಗದ ಗದ್ದೆಯ ಆಳದ ಕೆಸರಿಗೆ ಯಂತ್ರ ಇಳಿಯುವುದಿಲ್ಲ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಒಡ್ಡು, ಬಾವಿ, ಬೀಜ, ಅಳಿವೆಯ ಮೀನು ಇವು ಯಾವುವೂ ಅವನ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ, ಏಕೆಂದರೆ ಅವುಗಳಿಗಾಗಿ ಅವನಿಗೆ ಯಾರೂ ಏನೂ ಕೊಡುತ್ತಿರಲಿಲ್ಲ.

ಗುತ್ತಿಗೆದಾರನ ಅನುಕೂಲ ಮತ್ತು ಗದ್ದೆಯ ಅನುಕೂಲ ಎದುರುಬದುರಾದವು. ಉಪ್ಪುನೀರು ಬೇಗ ಒಳಗೆ ಬರಬೇಕು, ತಡವಾಗಿ ಹೋಗಬೇಕು ಎಂಬುದು ಮೊದಲನೆಯವನ ಅಗತ್ಯ. ಬಾಗಿಲು ಮುಚ್ಚುವುದು ಕೆಲವು ವಾರ ತಡವಾದರೆ ಮಳೆಗೆ ಉಪ್ಪು ತೊಳೆಯಲು ಸಮಯ ಸಾಲದು, ಬಿತ್ತನೆ ಕೆಡುತ್ತದೆ. ಬಿತ್ತನೆ ಕೆಟ್ಟ ಒಡೆಯರು ಮುಂದಿನ ವರ್ಷ ಪೂರ್ತಿ ಗುತ್ತಿಗೆಗೆ ಒಪ್ಪುತ್ತಾರೆ. ಹೀಗೆ ಒಂದೊಂದೇ ಗಜನಿ ವರ್ಷವಿಡೀ ಉಪ್ಪುನೀರಿನ ಕೊಳವಾಯಿತು. 1990ರ ದಶಕದ ನಡುವೆ ಬಿಳಿ ಚುಕ್ಕೆ ರೋಗ ದೇಶದ ಕರಾವಳಿಯ ಸಿಗಡಿ ಕೊಳಗಳನ್ನು ಬಡಿಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿ ತೀವ್ರ ಸಿಗಡಿ ಸಾಕಣೆಯನ್ನು ನಿಷೇಧಿಸಿ, ಸಾಂಪ್ರದಾಯಿಕ ಪದ್ಧತಿಗಳನ್ನು ಅದರಿಂದ ಬೇರ್ಪಡಿಸಿ ನೋಡಿತು. 2005ರಲ್ಲಿ ಸಂಸತ್ತು ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆ ತಂದು ನೋಂದಾಯಿತ ಕೊಳಗಳಿಗೆ ದಾರಿ ಮಾಡಿಕೊಟ್ಟಿತು. ಈ ಏರಿಳಿತಗಳ ನಡುವೆ ಪಾಳುಬಿದ್ದ ಗಜನಿಗಳು ಸಾಕಷ್ಟು. ಮಾಣಿಕಟ್ಟಾದಂಥ ಕೆಲವೆಡೆ ರೈತರು ಒಟ್ಟಾಗಿ ನಿಂತು ಕಗ್ಗವನ್ನು ಉಳಿಸಿಕೊಂಡದ್ದರಿಂದಲೇ ಇಂದು ಪುನರುಜ್ಜೀವನ ಎಂಬ ಮಾತಿಗೆ ಅರ್ಥವಿದೆ. ಬೀಜವೂ ಅರಿವೂ ಪೂರ್ತಿ ಅಳಿದಿದ್ದರೆ ಹಣವೊಂದರಿಂದ ಏನೂ ಆಗುತ್ತಿರಲಿಲ್ಲ.

ಪರಿಸರ ಸೇವೆಗಳಿಗೆ ಬೆಲೆ ಕಟ್ಟುವ ವಿದ್ಯೆ ಈ ನಡುವೆ ಬಹಳ ಬೆಳೆದಿದೆ. ಜಗತ್ತಿನ ಎಲ್ಲ ಪರಿಸರ ಸೇವೆಗಳ ಬೆಲೆ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಎಂದು 1997ರಲ್ಲಿ ಒಂದು ಅಂದಾಜು ಪ್ರಕಟವಾಗಿ ದೊಡ್ಡ ಚರ್ಚೆ ನಡೆಯಿತು. 2021ರಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ ಪರಿಸರ ಲೆಕ್ಕಪತ್ರಕ್ಕೆ ಒಂದು ಚೌಕಟ್ಟನ್ನು ಅಂಗೀಕರಿಸಿತು. ಅದಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಯೋಜನೆಯಲ್ಲಿ ಭಾರತವೂ ಇತ್ತು, ದೇಶದೊಳಗೆ ಪ್ರಯೋಗಕ್ಕೆ ಆಯ್ದುಕೊಂಡ ರಾಜ್ಯ ಕರ್ನಾಟಕವೇ. ಈ ಲೆಕ್ಕಗಳು ಬೇಕು. ಬಂದರಿಗೋ ವಿದ್ಯುತ್ ಸ್ಥಾವರಕ್ಕೋ ಜಾಗ ಹುಡುಕುವಾಗ ಅಳಿವೆಯನ್ನು ಬರಿದೇ ಬಿದ್ದ ಜೌಗು ನೆಲ ಎಂದು ಬರೆಯುವುದು ಅವುಗಳಿಂದ ಕಷ್ಟವಾಗುತ್ತದೆ. ತದಡಿಯಲ್ಲಿ ಬೃಹತ್ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದು, ಜನವಿರೋಧದ ನಡುವೆ ಕೈಬಿಟ್ಟುಹೋದದ್ದು ಕರಾವಳಿಯವರಿಗೆ ನೆನಪಿದೆ. ಅಳಿವೆಯ ಸಂಪತ್ತಿನ ಅಧ್ಯಯನಗಳು ಅಂಥ ವಿರೋಧಕ್ಕೆ ಅಂಕಿಗಳ ಬಲ ಕೊಡುತ್ತವೆ.

ಆದರೆ ಹೆಕ್ಟೇರಿಗೆ ಇಷ್ಟು ಲಕ್ಷ ಎಂಬ ಒಟ್ಟು ಮೊತ್ತ ಯೋಜನೆಗಳನ್ನು ತಡೆಯಲು ನೆರವಾದಷ್ಟು ಗದ್ದೆಯನ್ನು ಉಳಿಸಲು ನೆರವಾಗುವುದಿಲ್ಲ. ಆ ಮೊತ್ತದಲ್ಲಿ ಸಿಗಡಿ ಕೊಳದ ಆದಾಯವೂ ಸೇವೆಯೆಂದೇ ಸೇರಿಬಿಡಬಹುದು, ಅದರಿಂದ ಪಕ್ಕದ ಗದ್ದೆಗಾದ ಹಾನಿ ಕಾಣದೇ ಹೋಗಬಹುದು. ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಅದು ಹಿಡಿದಿಡುವ ಇಂಗಾಲದ ಲೆಕ್ಕದಿಂದಾಗಿ ಈಚೆಗೆ ಒಳ್ಳೆಯ ಬೆಲೆ ಬಂದಿದೆ, ಅದು ಸಂತೋಷದ ಸಂಗತಿ. ಒಡ್ಡಿನ ಹೊರಮೈಗೆ ಕಾಂಡ್ಲಾ ಬೆಳೆದರೆ ಅಲೆಯ ಹೊಡೆತ ತಗ್ಗಿ ಒಡ್ಡಿಗೂ ರಕ್ಷಣೆ. ಒಳಗಿನ ಕಗ್ಗಕ್ಕೆ ಮಾತ್ರ ಅಂಥ ಯಾವ ಲೆಕ್ಕವೂ ಒದಗಿ ಬಂದಿಲ್ಲ. ಕಾನೂನಿನಲ್ಲೂ ಇದೇ ಕೊರತೆ. 2017ರ ಜೌಗುಭೂಮಿ ಸಂರಕ್ಷಣಾ ನಿಯಮಗಳು ಜೌಗುಭೂಮಿಯ ವ್ಯಾಖ್ಯೆಯಿಂದ ಭತ್ತದ ಗದ್ದೆಗಳನ್ನು ಹೊರಗಿಟ್ಟಿವೆ, ಜಲಕೃಷಿಗೂ ಉಪ್ಪು ತಯಾರಿಕೆಗೂ ವಿಶೇಷವಾಗಿ ಕಟ್ಟಿದ ರಚನೆಗಳನ್ನೂ ಹೊರಗಿಟ್ಟಿವೆ. ರಾಮ್‌ಸರ್ ವಿವರಣೆ ಹೆಸರು ಹಿಡಿದು ಹೊಗಳುವ ಗಜನಿ ಗದ್ದೆ ಆ ವ್ಯಾಖ್ಯೆಯ ಪ್ರಕಾರ ಜೌಗುಭೂಮಿಯೇ ಅಲ್ಲ.

ದುಡಿಮೆಗೆ ಬೆಲೆ ಕೊಡುವ ದಾರಿಗಳು ಇಲ್ಲದಿಲ್ಲ. ಭತ್ತದ ಗದ್ದೆಗಳನ್ನು ಬೇರೆ ಬಳಕೆಗೆ ತಿರುಗಿಸುವುದನ್ನು ತಡೆಯಲು 2008ರಲ್ಲೇ ಕಾನೂನು ಮಾಡಿದ್ದ ಕೇರಳ, ನಿಷೇಧವೊಂದರಿಂದ ಗದ್ದೆ ಉಳಿಯದು ಎಂದು ಕಂಡುಕೊಂಡು, 2020ರಲ್ಲಿ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡ ಒಡೆಯರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ಗೌರವಧನ ಕೊಡಲು ಆರಂಭಿಸಿತು. ನೀರಿಂಗಿಸುವುದು, ನೆರೆ ತಡೆಯುವುದು ಮುಂತಾದ ಸೇವೆಗಳಿಗಾಗಿ ಈ ಹಣ ಎಂದು ಸರ್ಕಾರವೇ ಒಪ್ಪಿಕೊಂಡದ್ದು ತತ್ವದ ದೃಷ್ಟಿಯಿಂದ ದೊಡ್ಡ ಹೆಜ್ಜೆ. ಮೊತ್ತ ಮಾತ್ರ ತೀರಾ ಚಿಕ್ಕದು. ಸಿಗಡಿಯ ಗುತ್ತಿಗೆಯ ಎದುರು ಅದು ಯಾರ ಮನಸ್ಸನ್ನೂ ಬದಲಿಸದು. ಪೊಕ್ಕಾಳಿಯ ವಿಷಯದಲ್ಲಿ ಕೇರಳ ಇನ್ನೂ ಒಂದು ನಿಯಮ ಇಟ್ಟುಕೊಂಡಿದೆ: ಒಂದು ಭತ್ತ, ಒಂದು ಮೀನು. ಮೀನಿನ ಪರವಾನಗಿ ನವೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಮಾತ್ರ, ಆಮೇಲೆ ನೀರು ಬಸಿದು ಗದ್ದೆಯನ್ನು ಭತ್ತಕ್ಕೆ ಬಿಟ್ಟುಕೊಡಬೇಕು. ನಿಯಮ ಒಳ್ಳೆಯದು, ಪಾಲನೆ ಸಡಿಲ. ಪೊಕ್ಕಾಳಿಯ ವಿಸ್ತೀರ್ಣ ಕುಗ್ಗುವುದು ಅದರಿಂದ ನಿಂತಿಲ್ಲ.

ಜಪಾನಿನ ಸಾಡೋ ದ್ವೀಪದ ಅನುಭವ ಇನ್ನೊಂದು ಬಗೆಯದು. ಅಲ್ಲಿ ಗದ್ದೆಗಳ ಕಪ್ಪೆ, ಹುಳು, ಮೀನು ತಿಂದು ಬದುಕುತ್ತಿದ್ದ ತೋಕಿ ಎಂಬ ಕೆಂಬರಲು ಜಾತಿಯ ಹಕ್ಕಿ ಕಾಡಿನಿಂದ ಕಣ್ಮರೆಯಾಗಿತ್ತು. ಸಾಕಿ ಬೆಳೆಸಿದ ಹಕ್ಕಿಗಳನ್ನು 2008ರಲ್ಲಿ ಮತ್ತೆ ಹೊರಬಿಟ್ಟಾಗ ಅವುಗಳ ಹೊಟ್ಟೆಗೆ ಗದ್ದೆಯಲ್ಲಿ ಜೀವ ಇರಬೇಕಿತ್ತು. ರಾಸಾಯನಿಕಗಳನ್ನು ಅರ್ಧಕ್ಕಿಳಿಸಿ, ಗದ್ದೆಯಂಚಿಗೆ ನೀರಿನ ಕಾಲುವೆ ಉಳಿಸಿ, ವರ್ಷಕ್ಕೆ ಎರಡು ಬಾರಿ ತಮ್ಮ ಗದ್ದೆಯ ಜೀವಿಗಳನ್ನು ತಾವೇ ಎಣಿಸುವ ರೈತರ ಅಕ್ಕಿಗೆ ಸ್ಥಳೀಯ ಆಡಳಿತ ಪ್ರಮಾಣಪತ್ರ ಕೊಟ್ಟಿತು, ಆ ಅಕ್ಕಿ ಆ ಗುರುತಿನಿಂದಲೇ ಮಾರುಕಟ್ಟೆಗೆ ಹೋಯಿತು. ಪ್ರಮಾಣಪತ್ರ ಸಿಗುವುದು ರೈತ ಮಾಡಿದ ಕೆಲಸಕ್ಕೆ, ಹಕ್ಕಿ ಗದ್ದೆಗೆ ಬಂದದ್ದಕ್ಕಲ್ಲ. ಫಲ ಸಿಗುವುದು ಮಳೆ, ರೋಗ, ನೆರೆಯವನ ಒಡ್ಡು ಹೀಗೆ ರೈತನ ಕೈಮೀರಿದ ಹತ್ತು ಸಂಗತಿಗಳನ್ನು ಅವಲಂಬಿಸುತ್ತದೆ; ಕೆಲಸ ಅವನ ಕೈಯಲ್ಲಿದೆ. ಆದ್ದರಿಂದ ಗಜನಿಗೂ ಇದೇ ನ್ಯಾಯ ಸರಿ ಎಂದು ನನಗೆ ತೋರುತ್ತದೆ.

ಅಘನಾಶಿನಿಯಲ್ಲಿ ಇದು ಹೇಗಾದೀತು? ಹಣವನ್ನು ಒಬ್ಬೊಬ್ಬ ಒಡೆಯನ ಖಾತೆಗೆ ಹಂಚಿಬಿಟ್ಟರೆ ಒಡ್ಡು ಅನಾಥವಾಗಿಯೇ ಉಳಿಯುತ್ತದೆ. ಒಂದು ಒಡ್ಡಿನೊಳಗಿನ ಎಲ್ಲ ರೈತರ ಸಂಘವೇ ಹಣ ಪಡೆಯುವ ಘಟಕವಾಗಬೇಕು. ಆ ಹಣಕ್ಕೆ ಮೂರು ಷರತ್ತು ಸಾಕು: ಮಳೆಗೆ ಮುಂಚೆ ಒಡ್ಡು ಮತ್ತು ಬಾಗಿಲು ದುರಸ್ತಿಯಾಗಿರಬೇಕು, ಗೊತ್ತಾದ ದಿನಕ್ಕೆ ಬಾಗಿಲು ಮುಚ್ಚಿರಬೇಕು, ಬಯಲಿನ ಬಹುಪಾಲಿನಲ್ಲಿ ಕಗ್ಗ ಬಿತ್ತಿರಬೇಕು. ಮೂರನ್ನೂ ಯಾವ ತಜ್ಞರ ನೆರವಿಲ್ಲದೆ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಕಣ್ಣಾರೆ ಪರೀಕ್ಷಿಸಬಹುದು. 2002ರ ಜೀವವೈವಿಧ್ಯ ಕಾಯ್ದೆ ಅಂಥ ಸಮಿತಿಗಳನ್ನು ಕಡ್ಡಾಯ ಮಾಡಿದ್ದರೂ ಬಹಳಷ್ಟು ಊರುಗಳಲ್ಲಿ ಅವು ಕಡತದಲ್ಲಷ್ಟೇ ಇವೆ, ಅವುಗಳಿಗೆ ಕೈತುಂಬ ಕೆಲಸವೂ ಸಿಕ್ಕೀತು. ಮೀನಿನ ಗುತ್ತಿಗೆಯನ್ನು ನಿಷೇಧಿಸಬೇಕಿಲ್ಲ, ಅದು ಹಳೆಯ ಸರದಿಯ ಭಾಗವೇ. ಗುತ್ತಿಗೆಯ ಕರಾರಿನಲ್ಲಿ ಬಾಗಿಲು ಮುಚ್ಚುವ ದಿನ ಇರಬೇಕು, ಅದನ್ನು ಮುರಿದವನ ಠೇವಣಿ ಸಂಘಕ್ಕೆ ಸೇರಬೇಕು. ಬಳಚು ಹೆಕ್ಕುವ, ಒಳಗಿನ ಕೋಡಿಗಳಲ್ಲಿ ಗಾಳ ಹಾಕುವ ಭೂಮಿಯಿಲ್ಲದ ಮನೆಗಳಿಗೆ ಸಂಘದಲ್ಲಿ ದನಿ ಇರಬೇಕಾದದ್ದು ಅಷ್ಟೇ ಮುಖ್ಯ. ಒಡ್ಡಿನ ಕೆಲಸದ ಕೂಲಿಯಲ್ಲಿ ಅವರಿಗೆ ಮೊದಲ ಹಕ್ಕು ಸಿಗದಿದ್ದರೆ, ಜಮೀನು ಇದ್ದವರಿಗೆ ಸಹಾಯಧನ ಕೊಡುವ ಇನ್ನೊಂದು ಯೋಜನೆಯಾಗಿ ಇದು ಮುಗಿಯುತ್ತದೆ.

ಉಪ್ಪುನೀರು ನುಗ್ಗುವ ಕರಾವಳಿ ನೆಲವನ್ನು ಕಾಯುವ ಖಾರ್‌ಲ್ಯಾಂಡ್ ಯೋಜನೆಯಡಿ ಒಡ್ಡುಗಳಿಗೆ ಸರ್ಕಾರ ಹಣ ಇಡುವುದು ಹೊಸತೇನಲ್ಲ. ಆ ಹಣದ ಪಾಲೊಂದನ್ನು ಕಾಂಕ್ರೀಟಿನ ಬದಲು ವರ್ಷ ವರ್ಷದ ಪಾಲನೆಗೆ ತೆಗೆದಿಡುವುದು ಆಡಳಿತದ ದೃಷ್ಟಿಯಿಂದ ಅಸಾಧ್ಯವೇನಲ್ಲ. ಉದ್ಘಾಟಿಸಲು ಕಟ್ಟಡವೊಂದು ಸಿಗುವುದಿಲ್ಲ ಎಂಬುದಷ್ಟೇ ಅದರ ತೊಡಕು. ಇನ್ನೊಂದು ತೊಡಕು ಕಾಲದ್ದು. ಸರ್ಕಾರದ ಹಣ ಆರ್ಥಿಕ ವರ್ಷ ಶುರುವಾಗಿ ಮಂಜೂರಾತಿಗಳೆಲ್ಲ ಮುಗಿದ ಮೇಲೆ, ಮಳೆಗಾಲದಲ್ಲೋ ಅದರ ನಂತರವೋ ಕೆಳಗಿಳಿಯುವುದು ರೂಢಿ. ಗಜನಿಯ ಮಣ್ಣಿನ ಕೆಲಸಕ್ಕೆ ಇರುವುದು ಏಪ್ರಿಲ್ ಮತ್ತು ಮೇ. ಜೂನ್ ಮೊದಲ ವಾರದ ಮಳೆ ಹಿಡಿದ ಮೇಲೆ ಒಡ್ಡಿನ ಮೇಲೆ ಮಣ್ಣು ನಿಲ್ಲುವುದಿಲ್ಲ. ಹಾಗಾಗಿ ಸಂಘದ ಕೈಗೆ ಮೊದಲ ಕಂತು ಮಾರ್ಚ್ ಮುಗಿಯುವುದರೊಳಗೆ ಬರುವ ವ್ಯವಸ್ಥೆ ಇದ್ದರೆ ಮಾತ್ರ ಆ ವರ್ಷ ಕಗ್ಗದ ಬಿತ್ತನೆ ಆಗುತ್ತದೆ.